ಏನೂ ಆಗದ ಸಾಹಸ ಯಾತ್ರೆ

ಕರಪತ್ರದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ‘ಹದಿಹರೆಯದವರಿಗೆ ಬೇಸಿಗೆಯ ಸೈಕಲ್ ಸಾಹಸ! ಅಪರಿಚಿತ ದಾರಿ, ಅನಿರೀಕ್ಷಿತ ತಿರುವು!’ ಎರಡನೇ ಪುಟದಲ್ಲಿ ಆ ಅನಿರೀಕ್ಷಿತ ತಿರುವುಗಳ ವೇಳಾಪಟ್ಟಿ ಕೊಟ್ಟಿದ್ದರು. ಮೂರನೇ ದಿನ ಬೆಳಿಗ್ಗೆ 9:40ಕ್ಕೆ ಬೆಟ್ಟದ ತುದಿಯಿಂದ ಕಣಿವೆ ನೋಡಿ ಬೆರಗಾಗುವುದು. 9:55ಕ್ಕೆ ಬೆರಗು ಮುಗಿಸಿ ನೀರು ಕುಡಿಯುವುದು. ಅಲ್ಲಿಂದ ಮುಂದಕ್ಕೆ ಹನ್ನೊಂದು ಪುಟ ಮುಚ್ಚಳಿಕೆ. ಮಗು ಬಿದ್ದರೆ ಸಂಘಟಕರು ಹೊಣೆಯಲ್ಲ. ಬೀಳುವ ಹಾಗಾಗಿ ಬೀಳದಿದ್ದರೂ ಹೊಣೆಯಲ್ಲ. ಬೇರೆಯವರು ಬಿದ್ದದ್ದು ನೋಡಿ ನಕ್ಕು ನಕ್ಕು ಹೊಟ್ಟೆ ಹುಣ್ಣಾದರೆ ಅದಕ್ಕೂ ಹೊಣೆಯಲ್ಲ. ಕೊನೆಯದನ್ನು ನಾನು ಸೇರಿಸಿದೆ ಅನ್ನಿ, ಆದರೆ ಹನ್ನೊಂದು ಪುಟ ಓದಿದವರು ಯಾರೂ ಇಲ್ಲದ್ದರಿಂದ ಅದು ಅಲ್ಲಿಲ್ಲ ಎಂದು ಸಾಧಿಸುವವರೂ ಇಲ್ಲ.

ಆರು ದಿನದ ಈ ಯಾತ್ರೆಗೆ ನಾನು ಸ್ವಯಂಸೇವಕನಾಗಿ ಹೋಗಿದ್ದೆ. ನನ್ನ ಹುದ್ದೆಯ ಹೆಸರು ‘ಸ್ವೀಪ್’. ಅಂದರೆ ಸಾಲಿನ ಕಟ್ಟಕಡೆಗೆ ಇದ್ದುಕೊಂಡು, ಹಿಂದೆ ಉಳಿದವರನ್ನು ಗುಡಿಸಿಕೊಂಡು ಬರುವವನು. ಎಲ್ಲರಿಗಿಂತ ನಿಧಾನ ಇರಬೇಕು ಎಂಬುದೊಂದೇ ಅರ್ಹತೆ. ನನ್ನ ಮೊಣಕಾಲುಗಳು ಸಂದರ್ಶನವಿಲ್ಲದೆ ಆಯ್ಕೆಯಾದವು. ಮುಂದೆ ಒಬ್ಬ ತಂಡದ ನಾಯಕ, ನಡುವೆ ಹದಿನಾಲ್ಕು ಮಕ್ಕಳು, ಹಿಂದೆ ನಾನು, ನನ್ನ ಹಿಂದೆ ಒಂದು ವ್ಯಾನು.

ಹೊರಡುವ ವಾರ ಮೊದಲು ಪೋಷಕರ ಸಭೆ ನಡೆಯಿತು. ಮೊದಲ ಪ್ರಶ್ನೆ ಒಬ್ಬ ತಾಯಿಯದು.

“ಸರ್, ದಾರಿಯಲ್ಲಿ ಏರು ಇದೆಯಾ?”

“ಇದೆ ಮೇಡಂ, ಬೆಟ್ಟದ ದಾರಿ ಅಲ್ವಾ.”

“ತಪ್ಪಿಸೋಕೆ ಆಗಲ್ವಾ? ಇಳಿಜಾರು ಮಾತ್ರ ಇರೋ ಹಾಗೆ?”

ನಾಯಕ ಒಳ್ಳೆಯವನು. ಏರು ಇಲ್ಲದೆ ಇಳಿಜಾರು ಸಿಗುವುದಿಲ್ಲ ಎಂದು ತಾಳ್ಮೆಯಿಂದ ವಿವರಿಸಿದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಉತ್ಸಾಹ ತಡೆಯಲಾರದೆ, ಏರಿಗಿಂತ ಎದುರುಗಾಳಿಯೇ ಕಷ್ಟ, ಗಾಳಿಗೆ ಎದುರಾಗಿ ಹೋಗುವ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ ಎಂದುಬಿಟ್ಟ. ಹಿಂದಿನ ಸಾಲಿನ ತಂದೆಯೊಬ್ಬರು ಎದ್ದು ನಿಂತರು.

“ಹಾಗಾದ್ರೆ ಗಾಳಿ ಬೆನ್ನಿಗೆ ಬೀಸೋ ದಾರಿ ನೋಡಿ ಸರ್.”

“ಆರು ದಿನವೂನಾ?”

“ದುಡ್ಡು ಕೊಡ್ತಿದೀವಲ್ಲ ಸರ್.”

ಆಮೇಲೆ ಮಕ್ಕಳನ್ನು ಹುರಿದುಂಬಿಸಲು ನಾಯಕ ಥಾಮಸ್ ಸ್ಟೀವನ್ಸ್‌ನ ಕಥೆ ಹೇಳಿದ. 1884ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಹೊರಟವನು, ಮುಂದೆ ಎದೆಯೆತ್ತರದ ಚಕ್ರ, ಹಿಂದೆ ಪುಟಾಣಿ ಚಕ್ರ ಇದ್ದ ಸೈಕಲ್ಲಿನಲ್ಲಿ ಭೂಮಿ ಸುತ್ತಿ 1886ರ ಡಿಸೆಂಬರ್‌ನಲ್ಲಿ ಯೊಕೊಹಾಮಾದಲ್ಲಿ ಇಳಿದ. ಅವನ ಗಂಟಿನಲ್ಲಿ ಇದ್ದದ್ದು ಕಾಲುಚೀಲ, ಒಂದು ಹೆಚ್ಚಿನ ಅಂಗಿ, ರಾತ್ರಿ ಹಾಸಿಗೆಯೂ ಡೇರೆಯೂ ಆಗುತ್ತಿದ್ದ ಮಳೆಕೋಟು, ಒಂದು ಪಿಸ್ತೂಲು. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಅದೇ ನಾಯಕ 64 ಸಾಮಾನುಗಳ ಪಟ್ಟಿ ಹಂಚಿದ. ಅದರಲ್ಲಿ ಪಿಸ್ತೂಲು ಬಿಟ್ಟು ಉಳಿದದ್ದೆಲ್ಲ ಇತ್ತು. ಸೊಳ್ಳೆಗೆ ಹಚ್ಚುವ ಮುಲಾಮು, ಮುಲಾಮು ಕಣ್ಣಿಗೆ ಬಿದ್ದರೆ ಹಾಕುವ ಔಷಧ, ಔಷಧ ಚೆಲ್ಲಿದರೆ ಒರೆಸುವ ಬಟ್ಟೆ.

ಸೈಕಲ್ ಪ್ರವಾಸ ಅಂದರೆ ತನ್ನ ಹೊರೆಯನ್ನು ತಾನೇ ಹೊತ್ತು ಹೋಗುವುದು. ಹಿಂಚಕ್ರದ ಎರಡು ಬದಿಗೂ ಚೀಲ ನೇತುಹಾಕಿ, ಭಾರವಾದದ್ದನ್ನು ತಳಕ್ಕೆ ತುಂಬಿ, ಎರಡೂ ಕಡೆ ತೂಕ ಸರಿದೂಗಿಸಿಕೊಂಡು ಹೋಗಬೇಕು. ಒಂದು ಲೀಟರ್ ನೀರಿಗೆ ಒಂದು ಕಿಲೋ ಎಂಬ ಪಾಠ ಶಾಲೆಯಲ್ಲಿ ಕಲಿತದ್ದು ತೊಡೆಗೆ ಅರ್ಥವಾಗುವುದು ಆಗ. ನಮ್ಮ ಹದಿನಾಲ್ಕು ಮಂದಿಯ ಸೈಕಲ್ಲುಗಳಿಗೂ ಹೊಚ್ಚಹೊಸ ಚೀಲಗಳಿದ್ದವು. ಅವು ಖಾಲಿ. ಫೋಟೊದಲ್ಲಿ ಉಬ್ಬಿ ಕಾಣಲಿ ಎಂದು ಒಳಗೆ ಹಳೇ ಪತ್ರಿಕೆ ಉಂಡೆ ಮಾಡಿ ತುರುಕಿದ್ದರು. ನಿಜವಾದ ಸಾಮಾನು ವ್ಯಾನಿನಲ್ಲಿತ್ತು. ಜತೆಗೆ ಎರಡು ಸೈಕಲ್, ಮಡಚುವ ಕುರ್ಚಿಗಳು, ಮತ್ತು ತುಳಿಯಲಾರೆ ಎಂದವರಿಗೆ ಖಾಲಿ ಸೀಟು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಸಾಹಸಿಗಳಲ್ಲಿ ಐವರು ಆ ಸೀಟುಗಳಲ್ಲೇ ಮುನ್ನಡೆಯುತ್ತಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಅವರನ್ನು ದೂರುವಂತಿಲ್ಲ. ಸೈಕಲ್ ತುಳಿಯಲು ವರ್ಷದ ಅತಿ ಕೆಟ್ಟ ಋತುವನ್ನು ಆರಿಸಿದ್ದು ಅವರಲ್ಲ, ಶಾಲೆಯ ರಜೆಪಟ್ಟಿ.

ಸ್ವಾವಲಂಬನೆಯ ವಿಷಯಕ್ಕೆ ಬರೋಣ. ಕನ್ನಡಕದ ಹುಡುಗನೊಬ್ಬನ ತಾಯಿ ನನ್ನ ಬಳಿ ಬಂದು, “ಇವನು ಸ್ವಂತ ಕಾಲ ಮೇಲೆ ನಿಲ್ಲೋದು ಕಲೀಲಿ ಅಂತಾನೇ ಕಳಿಸ್ತಿರೋದು” ಎಂದರು. ಅವನ ಚೀಲದಲ್ಲಿ ದಿನಕ್ಕೊಂದು ಪೊಟ್ಟಣ. ಪ್ರತಿ ಪೊಟ್ಟಣದ ಮೇಲೂ ಚೀಟಿ: ‘ಮಂಗಳವಾರ, ಬೆಳಿಗ್ಗೆ, ಮೊದಲು ಇದು’. ಏಳನೇ ಪೊಟ್ಟಣದ ಚೀಟಿಯಲ್ಲಿ ‘ಬೇಕಾದರೆ’ ಎಂದಷ್ಟೇ ಇತ್ತು. ಆ ಪೊಟ್ಟಣವನ್ನು ನೆನಪಿನಲ್ಲಿಡಿ.

ಮಕ್ಕಳಿಗೆ ಫೋನ್ ನಿಷಿದ್ಧ. ನಿಸರ್ಗದೊಂದಿಗೆ ಬೆರೆಯಲಿ ಎಂದು. ಆದರೆ ಪ್ರತಿ ಸೈಕಲ್ಲಿನ ಸೀಟಿನ ಕೆಳಗೂ ಬೆರಳುದ್ದದ ಒಂದು ಯಂತ್ರ ಕಟ್ಟಿದ್ದರು. ಮಗು ಎಲ್ಲಿದೆ ಎಂಬುದು ಮನೆಯ ಪರದೆಯ ಮೇಲೆ ನೀಲಿ ಚುಕ್ಕೆಯಾಗಿ ಹರಿಯುತ್ತಿತ್ತು. 1976ರಲ್ಲಿ ಅಮೆರಿಕದ ಆರಿಗನ್‌ನಿಂದ ವರ್ಜೀನಿಯಾಕ್ಕೆ, ಆರು ಸಾವಿರ ಕಿಲೋಮೀಟರ್ ಮೀರಿದ ದಾರಿಗೆ, ಒಂದೇ ಬೇಸಿಗೆಯಲ್ಲಿ 4,000ಕ್ಕೂ ಹೆಚ್ಚು ಜನ ಸೈಕಲ್ ಹತ್ತಿದರು. ಪೂರ್ತಿ ದಾರಿ ತುಳಿದವರು ಸುಮಾರು ಅರ್ಧ. ಅವರ ಮನೆಯವರು ಏನು ನೋಡುತ್ತ ಕೂತಿದ್ದರೋ ಪಾಪ. ನಮ್ಮ ಮೊದಲ ದಿನ ಒಂದು ಚುಕ್ಕೆ ನಾಲ್ಕು ನಿಮಿಷ ಅಲ್ಲಾಡಲಿಲ್ಲ. ನಾಯಕನ ಫೋನಿಗೆ ಹನ್ನೊಂದು ಕರೆ. ಹುಡುಗ ಪೊದೆಯ ಹಿಂದೆ ಇದ್ದ. ನಿಸರ್ಗದ ಕರೆಗೆ ಹೋದವನ ಬೆನ್ನಿಗೆ ಅಪ್ಪನ ಕರೆ ಬಂತು. ಅಂದಿನಿಂದ ಮಕ್ಕಳು ಪೊದೆಯ ಹಿಂದೆ ಹೋಗುವಾಗ ತಮ್ಮ ಸೈಕಲ್ಲನ್ನು ಗೆಳೆಯರ ಕೈಗೆ ಕೊಟ್ಟು, “ಸ್ವಲ್ಪ ಅತ್ತಿತ್ತ ಓಡಾಡಿಸ್ತಿರೋ” ಎನ್ನುತ್ತಿದ್ದರು. ಆರು ದಿನದಲ್ಲಿ ಅವರು ತಾವಾಗಿ ಕಲಿತ ಮೊದಲ ವಿದ್ಯೆ ಅದು.

ಎರಡನೆಯದು ಚಡ್ಡಿಯ ವಿಷಯ, ಮತ್ತು ಅದನ್ನು ನೋವು ತಿಂದೇ ಕಲಿತರು. ಮೆತ್ತೆ ಇಟ್ಟು ಹೊಲಿದ ಸೈಕಲ್ ಚಡ್ಡಿಯನ್ನು ಬರಿಮೈ ಮೇಲೆ ತೊಡಬೇಕು, ಒಳಗೆ ಇನ್ನೊಂದು ಚಡ್ಡಿ ಇರಬಾರದು. ಇದ್ದರೆ ಅದರ ಹೊಲಿಗೆ ಬೆವರಿನ ಜತೆ ಸೇರಿ ತೊಡೆಸಂದಿಯ ಚರ್ಮವನ್ನು ಉಜ್ಜಿ ಉಜ್ಜಿ ಎಬ್ಬಿಸುತ್ತದೆ. ಇಷ್ಟನ್ನು ಹದಿನಾಲ್ಕು ಹದಿಹರೆಯದವರ ಮುಂದೆ ಯಾರು ಹೇಳಬೇಕು? ನಾಯಕ ಗಂಟಲು ಸರಿಮಾಡಿಕೊಂಡು, “ಒಳಗಿನ... ಅದು... ಅಗತ್ಯವಿಲ್ಲ” ಎಂದ. ಯಾವುದರ ಒಳಗಿನದು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಆಕಾಶ ನೋಡಿದರು. ಹನ್ನೊಂದು ಪುಟದ ಮುಚ್ಚಳಿಕೆಯಲ್ಲಿ ಜೇನು, ಸಿಡಿಲು, ಭೂಕಂಪ ಎಲ್ಲ ಇದ್ದವು, ಈ ಒಂದು ಸಾಲು ಇರಲಿಲ್ಲ. ಎರಡನೇ ರಾತ್ರಿ ಅರ್ಧ ತಂಡ ನಿಂತೇ ಉಂಡಿತು.

ನಾಯಕತ್ವ ತರಬೇತಿ ಅಂತ ಒಂದಿತ್ತು. ದಿನಕ್ಕೊಬ್ಬ ‘ಇಂದಿನ ನಾಯಕ’ ಸಾಲಿನ ಮುಂದೆ ಹೋಗಬೇಕು. ಮುಂದೆ ಹೋದವನೇ ಗಾಳಿಯನ್ನೆಲ್ಲ ಎದೆಗೆ ತೆಗೆದುಕೊಳ್ಳಬೇಕು, ಅವನ ಹಿಂದೆ ಅಂಟಿಕೊಂಡವರಿಗೆ ಸಲೀಸು ಎಂಬುದನ್ನು ಮಕ್ಕಳು ಅರ್ಧ ಗಂಟೆಯಲ್ಲಿ ಕಂಡುಕೊಂಡರು. ಆಮೇಲೆ ನಾಯಕನಾಗಲು ಒಬ್ಬರೂ ಇಲ್ಲ. ಹೊಟ್ಟೆನೋವು, ಚೈನು ಬಿತ್ತು, ಬ್ರೇಕು ಹಿಡೀತಿಲ್ಲ. ಎಲ್ಲರೂ ಇನ್ನೊಬ್ಬರ ಬೆನ್ನಿಗೆ ನಿಲ್ಲಲು ತಯಾರು. ಬೆನ್ನಿಗೆ ನಿಲ್ಲುವುದು ಎಂಬ ಮಾತಿಗೆ ಇಂಥ ಅರ್ಥವೂ ಇದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ನಾಲ್ಕನೇ ದಿನ ಅನಾಹುತವಾಯಿತು. ದಾರಿ ಕಿರಿದಾದ್ದರಿಂದ ವ್ಯಾನು ಸುತ್ತು ಹಾಕಿ ಬರುತ್ತೇನೆಂದು ಹೋಯಿತು. ಮುಂದಿನವರು ತಿರುವಿನಾಚೆ ಮರೆಯಾದರು. ಹಸಿರು ಹೆಲ್ಮೆಟ್ಟಿನ ಹುಡುಗಿಯ ಹಿಂಚಕ್ರ ‘ಉಸ್ಸ್’ ಎಂದಿತು. ಅವಳು, ಕನ್ನಡಕದವನು, ಇನ್ನೊಬ್ಬ ಗುಂಗುರು ಕೂದಲಿನವನು, ನಾನು. ನನ್ನ ಫೋನಿಗೆ ಸಿಗ್ನಲ್ ಇಲ್ಲ.

“ಅಂಕಲ್, ಈಗ ಯಾರಿಗೆ ಫೋನ್ ಮಾಡೋದು?”

“ಯಾರಿಗೂ ಇಲ್ಲ. ಸೈಕಲ್ ತಲೆಕೆಳಗು ಮಾಡು.”

ಮೂವರೂ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಚೈನನ್ನು ಅತಿ ಸಣ್ಣ ಹಲ್ಲುಚಕ್ರಕ್ಕೆ ಇಳಿಸಿ ಚಕ್ರ ಬಿಚ್ಚಿದೆವು. ಲಿವರ್ ತೂರಿಸಿ ಟೈರು ಎಬ್ಬಿಸಲು ಹುಡುಗಿಗೆ ಹತ್ತು ನಿಮಿಷ ಹಿಡಿಯಿತು, ಒಂದು ಉಗುರು ಹೋಯಿತು. ಹೊರಬಂದ ಟ್ಯೂಬಿಗೆ ಗಾಳಿ ಹಾಕಹೋದರೆ ನನ್ನ ಪಂಪಿನ ಬಾಯಿ ಕಾರಿನ ಟೈರಿಗಿರುವಂಥ ದಪ್ಪ ವಾಲ್ವಿನದು, ಅವಳ ಟ್ಯೂಬಿಗೆ ಕಡ್ಡಿಯಂಥ ಪ್ರೆಸ್ಟಾ ವಾಲ್ವು. ಹೆಣ್ಣಿಗೂ ಗಂಡಿಗೂ ಜಾತಕ ಕೂಡಲಿಲ್ಲ. ಆಗ ಕನ್ನಡಕದವನು ತನ್ನ ಖಾಲಿ ಇರಬೇಕಾಗಿದ್ದ ಚೀಲದ ತಳದಿಂದ, ಪತ್ರಿಕೆಯ ಉಂಡೆಗಳ ನಡುವಿನಿಂದ, ಆ ‘ಬೇಕಾದರೆ’ ಪೊಟ್ಟಣ ತೆಗೆದ. ಅದರಲ್ಲಿ ಎರಡು ಸೇಫ್ಟಿ ಪಿನ್ನು, ಒಂದು ಗುಂಡಿ, ಮತ್ತು ಕಡ್ಡಿ ವಾಲ್ವನ್ನು ದಪ್ಪ ಬಾಯಿಯ ಪಂಪಿಗೆ ಹೊಂದಿಸುವ, ಕಡಲೆಕಾಳಿನಷ್ಟು ಒಂದು ಹಿತ್ತಾಳೆಯ ಅಡಾಪ್ಟರ್. ಏನು ಎಂದು ತಿಳಿಯದೆಯೇ ಆ ತಾಯಿ ಅದನ್ನು ಇಟ್ಟಿದ್ದರು. ನಾನು ಮನಸ್ಸಿನಲ್ಲೇ ಅವರಿಗೆ ಕೈಮುಗಿದೆ.

ತೂತು ಹುಡುಕಲು ನೀರಿನ ಬಟ್ಟಲಿಲ್ಲ. ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ನಿಧಾನ ತಿರುಗಿಸಿದರೆ ಗಾಳಿ ತಣ್ಣಗೆ ತಾಗುತ್ತದೆ. ಗುಂಗುರು ಕೂದಲಿನವನಿಗೆ ಅದು ತಾಗಿದಾಗ “ಸಿಕ್ಕಿತು!” ಎಂದು ಅರಚಿದ್ದಕ್ಕೆ ಮರದ ಹಕ್ಕಿಗಳು ಎದ್ದವು. ಮರಳುಕಾಗದದಿಂದ ಉಜ್ಜಿ, ಅಂಟು ಹಚ್ಚಿ, ಅದು ಒಣಗುವವರೆಗೆ ಕಾಯಬೇಕು ಎಂದೆ. “ಎಷ್ಟು ಹೊತ್ತು?” ಐದು ನಿಮಿಷ. ಮೂವರೂ ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಐದು ನಿಮಿಷ ಒಂದು ಅಂಟಿನ ಕಲೆಯನ್ನೇ ನೋಡಿದರು. ತೇಪೆ ಹಾಕಿ, ಎಲ್ಲ ಜೋಡಿಸಿ, ನೂರು ಗಜ ಹೋಗಿರಬೇಕು, ಮತ್ತೆ ‘ಉಸ್ಸ್’. ಮುಳ್ಳು ಟೈರಿನಲ್ಲೇ ಇತ್ತು. ಟೈರಿನ ಒಳಮೈಯನ್ನು ಬೆರಳಾಡಿಸಿ ನೋಡಬೇಕೆಂದು ನಾನು ಹೇಳಲು ಮರೆತಿದ್ದೆ. (ಮರೆತೆನೋ, ಮರೆತಂತೆ ಮಾಡಿದೆನೋ, ಮುಚ್ಚಳಿಕೆಗೆ ಸಹಿ ಹಾಕಿರುವುದರಿಂದ ಹೇಳುವುದಿಲ್ಲ.) ಎರಡನೇ ಸಲ ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನು ಕಲ್ಲಿನ ಮೇಲೆ ಕೂತೆ. ಅಷ್ಟರಲ್ಲಿ ಮಳೆಯೂ ಹನಿಯಿತು. ಅಂಟಿನ ಮೇಲೆ ನೀರು ಬೀಳದಂತೆ ಕನ್ನಡಕದವನು ತನ್ನ ಅಂಗಿಯನ್ನೇ ಬಿಚ್ಚಿ ಚಪ್ಪರ ಹಿಡಿದ.

ಎರಡು ಗಂಟೆ ತಡವಾಗಿ ತಂಗುದಾಣ ಸೇರಿದಾಗ ಮೂವರೂ ಮೊಣಕೈವರೆಗೆ ಕಪ್ಪು, ನಗು ಮಾತ್ರ ಕಿವಿಯಿಂದ ಕಿವಿಗೆ. ಅಲ್ಲಿ ಸೂತಕದ ಮನೆಯ ವಾತಾವರಣ. ಮೂರು ಚುಕ್ಕೆಗಳು ಪರದೆಯಿಂದ ಮಾಯವಾಗಿದ್ದವಂತೆ. ರಾತ್ರಿಯೇ ಸಂಘಟಕರು ಪೋಷಕರಿಗೆ ಪತ್ರ ಕಳಿಸಿದರು: ‘ಇಂದು ನಡೆದ ಅನಿರೀಕ್ಷಿತ ಘಟನೆಗೆ ತೀವ್ರವಾಗಿ ವಿಷಾದಿಸುತ್ತೇವೆ.’ ಕರಪತ್ರದ ಮೊದಲ ಪುಟದಲ್ಲಿ ಕೊಟ್ಟ ಮಾತನ್ನು ಉಳಿಸಿಕೊಂಡದ್ದಕ್ಕೆ ಕ್ಷಮೆ ಕೇಳಿದ ಸಂಸ್ಥೆಯನ್ನು ನಾನು ನೋಡಿದ್ದು ಅದೇ ಮೊದಲು.

ಹಾಗೆ ನೋಡಿದರೆ, ಇಂಥ ಮಕ್ಕಳು ರಾತ್ರಿ ತಂಗುವ ಯೂತ್ ಹಾಸ್ಟೆಲ್ ಎಂಬ ಕಲ್ಪನೆಯೇ ಹುಟ್ಟಿದ್ದು ಒಂದು ಅನಿರೀಕ್ಷಿತ ಘಟನೆಯಿಂದ. 1909ರ ಆಗಸ್ಟ್‌ನಲ್ಲಿ ಜರ್ಮನಿಯ ಮೇಷ್ಟ್ರು ರಿಚರ್ಡ್ ಶಿರ್ಮನ್ ಮಕ್ಕಳನ್ನು ಕಾಲ್ನಡಿಗೆಯಲ್ಲಿ ಕರೆದುಕೊಂಡು ಹೋಗಿದ್ದಾಗ ಗುಡುಗು ಮಳೆ ಹಿಡಿದು, ಒಂದು ಹಳ್ಳಿಶಾಲೆಯಲ್ಲಿ ಹುಲ್ಲಿನ ಮೇಲೆ ರಾತ್ರಿ ಕಳೆದರು. ಮಕ್ಕಳು ಮಲಗಿದ ಮೇಲೆ, ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳೆಲ್ಲ ಹೀಗೆ ತಂಗುದಾಣವಾದರೆ ಹೇಗೆ ಎಂದು ಮೇಷ್ಟ್ರಿಗೆ ಹೊಳೆಯಿತು. ಮೂರು ವರ್ಷಕ್ಕೆ ಆಲ್ಟೆನಾ ಕೋಟೆಯಲ್ಲಿ ಮೊದಲ ಹಾಸ್ಟೆಲ್ ಆಯಿತು. ಇವತ್ತಾಗಿದ್ದರೆ ಬೆಳಗಾಗುವ ಮೊದಲು ಮೇಷ್ಟ್ರು ಅಮಾನತು.

ಕೊನೆಯ ದಿನ ಪ್ರಮಾಣಪತ್ರ ಹಂಚಿದರು. ಹದಿನಾಲ್ಕು ಮಕ್ಕಳಿಗೂ ‘ಅತ್ಯುತ್ತಮ ನಾಯಕ’. ವ್ಯಾನಿನಲ್ಲಿ ಬಂದ ಐವರಿಗೆ ‘ಅತ್ಯುತ್ತಮ ತಂಡ ಮನೋಭಾವ’ ಎಂದು ಇನ್ನೊಂದು. ನನಗೆ ‘ಭಾಗವಹಿಸಿದ್ದಾರೆ’. ಆಮೇಲೆ ಅಭಿಪ್ರಾಯದ ಹಾಳೆ ಕೊಟ್ಟು ‘ಯಾತ್ರೆಯಲ್ಲಿ ನಿಮಗೆ ಅತಿ ಇಷ್ಟವಾದದ್ದು’ ಬರೆಯಲು ಹೇಳಿದರು. ಆ ಮೂವರು ಏನು ಬರೆದರೆಂದು ಊಹಿಸುವುದು ಸುಲಭ. ಉಳಿದ ಹನ್ನೊಂದು ಮಂದಿ ಬರೆದದ್ದು: ‘ನಮಗೆ ಯಾಕೆ ಪಂಕ್ಚರ್ ಆಗಲಿಲ್ಲ?’

ಸಂಘಟಕರು ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಮುಂದಿನ ಬೇಸಿಗೆಯ ಕರಪತ್ರ ನಿನ್ನೆ ಕೈಸೇರಿತು. ನಾಲ್ಕನೇ ದಿನ, ಬೆಳಿಗ್ಗೆ 11ರಿಂದ 11:45: ‘ಪಂಕ್ಚರ್ ಅನುಭವ’, ತಜ್ಞರ ಮೇಲ್ವಿಚಾರಣೆಯಲ್ಲಿ, ಪ್ರತ್ಯೇಕ ಶುಲ್ಕ. ಮಳೆ ಬಾರದಿದ್ದರೆ ಪೈಪಿನಲ್ಲಿ ನೀರು ಚಿಮುಕಿಸಲಾಗುವುದು. ಮುಚ್ಚಳಿಕೆ ಈಗ ಹದಿಮೂರು ಪುಟ. ಸಾಮಾನಿನ ಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸೂಚನೆ ಇದೆ: ಮುಳ್ಳುಗಳನ್ನು ಮನೆಯಿಂದ ತರುವಂತಿಲ್ಲ, ಕುದಿಸಿ ಶುದ್ಧಗೊಳಿಸಿದ ಮುಳ್ಳನ್ನು ನಾವೇ ಒದಗಿಸುತ್ತೇವೆ.