ಐದು ಅಂಕದ ಜಾಗೃತಿ

ನಮ್ಮ ಕೊಡಗಿನ ಪುಟ್ಟ ಖಾಸಗಿ ಕಾಲೇಜೊಂದು ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆಯ ಕೋರ್ಸ್ ಶುರು ಮಾಡಿದ ಸುದ್ದಿ ನೀವೂ ಓದಿರುತ್ತೀರಿ. ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಆನೆ, ಜಲಪಾತ, ಆಡಳಿತ ಮಂಡಳಿಯ ಅಧ್ಯಕ್ಷರು ಮೂವರೂ ಇದ್ದಾರೆ. ಆನೆಗಿಂತ ಅಧ್ಯಕ್ಷರೇ ದೊಡ್ಡದಾಗಿ ಬಂದಿದ್ದಾರೆ.

ಹೊಸ ಬ್ಲಾಕಿಗೆ ಜಾಗ ಸಾಲದೆ ಹಿಂದಿನ ಬರೆಯನ್ನು, ಅಂದರೆ ಗುಡ್ಡದ ಇಳಿಜಾರನ್ನು, ಜೆಸಿಬಿ ತಂದು ನೆಟ್ಟಗೆ ಕೆತ್ತಿಸಿದ್ದಾರಂತೆ. ಎಂಥ ದೂರದೃಷ್ಟಿ! ಮಣ್ಣಿನ ಸವಕಳಿ ಪಾಠಕ್ಕೆ ಕಿಟಕಿ ತೆರೆದರೆ ಸಾಕು. ಜೂನ್ ಬಂದರೆ ಕಿಟಕಿ ತೆರೆಯುವುದೂ ಬೇಡ, ಮಣ್ಣೇ ಕ್ಲಾಸಿಗೆ ಬರುತ್ತದೆ.

ಈ ವಿಷಯದ ಪರೀಕ್ಷೆಯಷ್ಟು ಸುಲಭದ್ದು ಇನ್ನೊಂದಿಲ್ಲ. ಪ್ರಶ್ನೆ ಯಾವುದೇ ಇರಲಿ, ‘ಜನರಲ್ಲಿ ಜಾಗೃತಿಯ ಕೊರತೆ’ ಎಂದು ಬರೆಯಿರಿ, ಐದು ಅಂಕ ಎಲ್ಲೂ ಹೋಗುವುದಿಲ್ಲ. ತೋಟಕ್ಕೆ ಆನೆ ಯಾಕೆ ಬಂತು? ಜಾಗೃತಿಯ ಕೊರತೆ. ಆನೆಯದೋ ನಮ್ಮದೋ ಎಂದು ಯಾವ ಮೌಲ್ಯಮಾಪಕರೂ ಕೇಳುವುದಿಲ್ಲ. ಕಾಡುಮರ ಹೋಗಿ ತೋಟದ ತುಂಬ ಸಿಲ್ವರ್ ಓಕ್ ಯಾಕಾಯಿತು? ಅದಕ್ಕೂ ಅದೇ.

ಇದನ್ನು ಯಾವುದಾದರೂ ಬೆಳೆಗಾರನ ಮುಂದೆ ಹೇಳಿ ನೋಡಿ. ಅನ್‌ರಿಡೀಮ್ಡ್ ಜಾಗದಲ್ಲಿ, ಅಂದರೆ ಸರ್ಕಾರಕ್ಕೆ ಹಣ ಕಟ್ಟಿ ಮರದ ಹಕ್ಕು ಬಿಡಿಸಿಕೊಳ್ಳದ ಜಾಗದಲ್ಲಿ, ಬೀಟೆ ಬೆಳೆದರೆ ನೆರಳು ಅವನಿಗೆ, ಮರದ ಬೆಲೆ ಸರ್ಕಾರಕ್ಕೆ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಆದರೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಮಗಳ ಮದುವೆಗೆ ಕಡಿದು ಮಾರಲೂಬಹುದು. ಹಾಗಾಗಿ ತಾನಾಗಿ ಹುಟ್ಟಿದ ಬೀಟೆ ಸಸಿ ಕಳೆ ಕೊಚ್ಚುವಾಗ ‘ಕಾಣದೇ’ ಕತ್ತಿಗೆ ಸಿಗುತ್ತದೆ. “ಬೀಟೆ ಸಾಕಿ ಯಾರಿಗೆ ಕೊಡ್ಲಿ ಮಾರಾಯ?” ಎನ್ನುವವನಿಗೆ ಜಾಗೃತಿ ಕಡಿಮೆಯಿಲ್ಲ, ಕಾನೂನನ್ನು ಅರೆದು ಕುಡಿದಿದ್ದಾನೆ. ಈ ಉತ್ತರ ಬರೆದ ಹುಡುಗ ಫೇಲು.

1991ರಲ್ಲೇ ಸುಪ್ರೀಂ ಕೋರ್ಟು ಪರಿಸರ ಪಾಠ ಕಡ್ಡಾಯ ಮಾಡಿ ಎಂದಿತ್ತು. ಮಾಡಿದೆವು. ಪೀರಿಯಡ್ ಕಡಿಮೆ ಬಿದ್ದ ಅತಿಥಿ ಉಪನ್ಯಾಸಕರ ತಲೆಗೆ ಕಟ್ಟಿದೆವು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಮನೆ, ತೋಟ, ಮನುಷ್ಯರು ಹೋದರು. ನೋಟ್ಸಿನಲ್ಲಿ ಅದು ‘ಅತಿವೃಷ್ಟಿ’, ಎರಡು ಅಂಕ. ಮಳೆ ಬಂದದ್ದು ನಿಜ. ಆದರೆ ಗುಡ್ಡದ ಬುಡ ಕೆತ್ತಿದ್ದು ಮಳೆಯಲ್ಲ. ಭೂಪರಿವರ್ತನೆಗೆ ಸಹಿ ಹಾಕಿದ್ದೂ ಮಳೆಯಲ್ಲ. ಅಷ್ಟೆಲ್ಲ ಆದಮೇಲೂ ಅದೇ ಜೆಸಿಬಿ, ಅದೇ ಬರೆ, ಪಕ್ಕದಲ್ಲೇ ಸಂರಕ್ಷಣೆಯ ಪಾಠ! ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ.

ಕೆಲಸ ಸಿಗುತ್ತದಾ ಎಂದು ಅಪ್ಪಂದಿರು ಕೇಳುತ್ತಾರೆ. ಖಂಡಿತ. ರೆಸಾರ್ಟಿನವರಿಗೆ ನ್ಯಾಚುರಲಿಸ್ಟ್ ಬೇಕು. ಬೆಳಿಗ್ಗೆ ಗೆಸ್ಟುಗಳಿಗೆ ಹಕ್ಕಿ ತೋರಿಸುವುದು, ಸಂಜೆ ಕ್ಯಾಂಪ್‌ಫೈರಿಗೆ ಸೌದೆ ಹೊಂದಿಸುವುದು. ಎರಡೂ ಸಿಲೆಬಸ್ಸಿನೊಳಗೇ ಬರುತ್ತವೆ.