ಇಸವಿಯ ಕೆಳಗಿನ ವಜ್ರಕ್ಕೆ ಲಕ್ಷ ರೂಪಾಯಿ ಬೆಲೆಯಿಲ್ಲ

ಕಳೆದ ತಿಂಗಳು ಚಿಕ್ಕಮ್ಮ ಫೋನ್ ಮಾಡಿದ್ದರು. "ನನ್ನ ಹತ್ತಿರ ವಜ್ರದ ಗುರುತಿನ ಒಂದು ರೂಪಾಯಿ ಇದೆಯಪ್ಪಾ, ಎರಡು ಲಕ್ಷ ಕೊಡುತ್ತಾರಂತೆ" ಎಂದರು. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ, ಅದರಲ್ಲಿದ್ದ ನಂಬರಿಗೆ ನಾಣ್ಯದ ಚಿತ್ರ ಕಳುಹಿಸಿದ್ದರು. ಅತ್ತಲಿನವನು ಮೊದಲು ನೋಂದಣಿ ಶುಲ್ಕವೆಂದು 1,850 ರೂಪಾಯಿ ಹಾಕಿಸಿಕೊಂಡ. ಆಮೇಲೆ ತೆರಿಗೆಯೆಂದು 6,000 ಕೇಳಿದ. ಆಗ ಅವರಿಗೆ ಅನುಮಾನ ಬಂದಿದೆ. ಕೊಟ್ಟ ದುಡ್ಡು ಹೋಯಿತು. ಅದಕ್ಕಿಂತಲೂ, ಪೈಸೆ ಪೈಸೆ ಲೆಕ್ಕವಿಟ್ಟು ಸಂಸಾರ ನಡೆಸಿದ ಹೆಂಗಸು ಆ ಸಂಜೆ ನಾಚಿಕೆಯಿಂದ ಮಾತು ನಿಲ್ಲಿಸಿದ್ದು ನನ್ನನ್ನು ಇವತ್ತಿಗೂ ಕಾಡುತ್ತಿದೆ.

ಆ ವಜ್ರದ ಅರ್ಥ ಇಷ್ಟೇ: ಈ ನಾಣ್ಯ ಮುಂಬಯಿಯ ಟಂಕಸಾಲೆಯಲ್ಲಿ ತಯಾರಾಯಿತು. ನಮ್ಮ ದೇಶದಲ್ಲಿ ಈಗ ನಾಣ್ಯ ಟಂಕಿಸುವ ಸರ್ಕಾರಿ ಟಂಕಸಾಲೆಗಳು ನಾಲ್ಕು. ಇಸವಿಯ ಕೆಳಗೆ ಪುಟ್ಟ ವಜ್ರಾಕೃತಿ ಇದ್ದರೆ ಮುಂಬಯಿ, ಐದು ಮೂಲೆಯ ನಕ್ಷತ್ರವಿದ್ದರೆ ಹೈದರಾಬಾದು, ದುಂಡನೆಯ ಚುಕ್ಕಿ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಅಲ್ಲಿ ಗುರುತಿಲ್ಲದಿರುವುದೇ ಗುರುತು. ಹೈದರಾಬಾದಿನ ಹಳೆಯ ನಾಣ್ಯಗಳಲ್ಲಿ ನಕ್ಷತ್ರದ ಬದಲು ಸೀಳಿದ ವಜ್ರವೋ ನಡುವೆ ಚುಕ್ಕಿಯಿರುವ ವಜ್ರವೋ ಕಾಣುವುದುಂಟು. ಕೋಟಿಗಟ್ಟಲೆ ನಾಣ್ಯಗಳ ಮೇಲೆ ಇರುವ ಗುರುತುಗಳಿವು. ನಿಮ್ಮ ಜೇಬಿನ ಚಿಲ್ಲರೆಯನ್ನು ಈಗಲೇ ತೆಗೆದು ನೋಡಿ, ವಜ್ರವೊಂದು ಸಿಕ್ಕೇ ಸಿಗುತ್ತದೆ.

ಹಾಗಾದರೆ ಗುರುತು ಏಕೆ ಬೇಕು? ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ನಾಣ್ಯ ಚಿನ್ನ ಬೆಳ್ಳಿಯದಾಗಿದ್ದ ಕಾಲದಲ್ಲಿ ತೂಕ ಕಡಿಮೆಯಾದರೆ, ಲೋಹದಲ್ಲಿ ಕಲಬೆರಕೆಯಾದರೆ ಯಾರನ್ನು ಹಿಡಿದು ಕೇಳಬೇಕೆಂಬುದು ತಿಳಿಯಬೇಕಿತ್ತು. ಗುರುತು ಎಂದರೆ ಹೊಣೆ. ಟಂಕಸಾಲೆಗೆ ಕನ್ನಡದಲ್ಲಿ ಕಮ್ಮಟ ಎಂಬ ಹಳೆಯ ಹೆಸರೂ ಇದೆ. ಗದಗದ ಬಳಿಯ ಲಕ್ಕುಂಡಿ, ಅಂದಿನ ಲೊಕ್ಕಿಗುಂಡಿ, ಅಂಥ ಕಮ್ಮಟದ ಊರು. ಅಲ್ಲಿನ ಹೊನ್ನಿಗೆ ಲೊಕ್ಕಿ ಗದ್ಯಾಣವೆಂದೇ ಹೆಸರಾಯಿತು. ಊರಿನ ಹೆಸರೇ ನಾಣ್ಯದ ಹೆಸರು! ಟಿಪ್ಪು ಸುಲ್ತಾನನ ಆನೆಯ ಪೈಸೆಗಳಲ್ಲೂ ಟಂಕಿಸಿದ ಊರನ್ನು ಪರ್ಶಿಯನ್ ಲಿಪಿಯಲ್ಲಿ ಬರೆಯಲಾಗಿದೆ. ಶ್ರೀರಂಗಪಟ್ಟಣದ್ದಾದರೆ ಪಟನ್, ಬಿದನೂರಿನದಾದರೆ ನಗರ. ಅಂದು ಅಕ್ಷರಗಳಲ್ಲಿ ಹೇಳುತ್ತಿದ್ದುದನ್ನೇ ಇಂದು ಒಂದು ಚುಕ್ಕಿ ಹೇಳುತ್ತದೆ.

(ಮೈಸೂರಿನಲ್ಲಿ ನಾಣ್ಯ ತಯಾರಾಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಇಲ್ಲ, ಅಲ್ಲಿರುವುದು ನೋಟು ಮುದ್ರಣಾಲಯ.)

ಈ ಗುರುತುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು 1985ರ ಒಂದು ರೂಪಾಯಿಯ ಮೇಲಿನ 'ಎಚ್' ಅಕ್ಷರ. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ಆಗ ದೇಶದಲ್ಲಿ ಚಿಲ್ಲರೆಗೆ ಬರ. ಅಂಗಡಿಯಲ್ಲಿ ಹತ್ತು ಪೈಸೆ ವಾಪಸು ಕೊಡುವ ಬದಲು ಪೆಪ್ಪರಮಿಂಟು ಕೈಗಿಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ನಮ್ಮ ಟಂಕಸಾಲೆಗಳಿಗೆ ಪೂರೈಸಲಾಗದೆ ಸರ್ಕಾರ ಹೊರದೇಶಗಳಲ್ಲಿ ನಾಣ್ಯ ಟಂಕಿಸಿ ತರಿಸಿತು. 1990ರ ದಶಕದ ಕೊನೆಯಲ್ಲೂ ಹೀಗೆಯೇ ಆಯಿತು. ಸ್ಲೊವಾಕಿಯಾದ ಕ್ರೆಮ್ನಿತ್ಸಾದಲ್ಲಿ, ಮೆಕ್ಸಿಕೊದಲ್ಲಿ ಹುಟ್ಟಿದ ರೂಪಾಯಿಗಳು ನಮ್ಮ ಸಂತೆಗಳಲ್ಲಿ ಓಡಾಡಿದವು. ಒಂದು ಅಕ್ಷರದಲ್ಲಿ ಅಷ್ಟು ಕಥೆ ಅಡಗಿರುವಾಗ ಅದಕ್ಕೆ ಸುಳ್ಳು ಬೆಲೆ ಕಟ್ಟಿ ಹಿರಿಯರನ್ನು ದೋಚುವುದನ್ನು ಕಂಡರೆ ಮೈ ಉರಿಯುತ್ತದೆ.

ಸಂಗ್ರಾಹಕರು ಕೆಲವು ನಾಣ್ಯಗಳಿಗೆ ಹೆಚ್ಚು ಹಣ ಕೊಡುವುದು ನಿಜ. ಆದರೆ ಒಂದು ಇಸವಿಯಲ್ಲಿ ಒಂದು ಟಂಕಸಾಲೆ ತೀರ ಕಡಿಮೆ ನಾಣ್ಯ ತಯಾರಿಸಿರಬೇಕು, ನಾಣ್ಯ ಸವೆಯದೆ ಹೊಸದರಂತೆ ಉಳಿದಿರಬೇಕು. ಗುರುತೊಂದರಿಂದಲೇ ಬೆಲೆ ಬರುವುದಿಲ್ಲ. ನಿಜವಾಗಿ ಕೊಳ್ಳುವವನು ನಿಮಗೆ ಹಣ ಕೊಡುತ್ತಾನೆ, ನಿಮ್ಮಿಂದ ಕೇಳುವುದಿಲ್ಲ. ಹಳೆಯ ನಾಣ್ಯದ ಹೆಸರಿನಲ್ಲಿ ಶುಲ್ಕ, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಹತ್ತು ರೂಪಾಯಿ ನಾಣ್ಯದ ಗೆರೆ ಎಣಿಸಿ ಖೋಟಾ ಎನ್ನುವವರಿಗೂ ಅದು 2018ರಲ್ಲೇ ಉತ್ತರ ಕೊಟ್ಟಿತ್ತು: ಅಲ್ಲಿಯವರೆಗೆ ಬಂದಿದ್ದ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಗೆ ಸಿಂಧು. ಆದರೂ ಅಂಗಡಿಗಳಲ್ಲಿ ಜಗಳ ನಿಂತಿರಲಿಲ್ಲ. ಶಾಲೆಯಲ್ಲಿ ಒಂದೇ ಒಂದು ತರಗತಿ ನಾಣ್ಯಗಳನ್ನು ಕೈಗೆ ಕೊಟ್ಟು ಓದಿಸಿದ್ದರೆ ಎಷ್ಟು ಜನ ಈ ಬಲೆಗೆ ಬೀಳದೆ ಉಳಿಯುತ್ತಿದ್ದರು!

ಮೊನ್ನೆ ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿ, ಅವರ ಬಿಸ್ಕತ್ತಿನ ಡಬ್ಬಿಯ ನಾಣ್ಯಗಳನ್ನೆಲ್ಲ ಚಾಪೆಯ ಮೇಲೆ ಸುರಿದು ಇಬ್ಬರೂ ಊರುವಾರು ಬೇರ್ಪಡಿಸಿದೆವು. ಭೂತಗನ್ನಡಿ ಹಿಡಿದು ಅವರೇ ನಕ್ಷತ್ರಗಳನ್ನು ಆರಿಸಿದರು. 'ಎಚ್' ಸಿಗಲಿಲ್ಲ. ವಜ್ರದ ಆ ಒಂದು ರೂಪಾಯಿಯನ್ನು ಸೋಮವಾರ ಹಾಲಿನವನಿಗೆ ಕೊಟ್ಟರಂತೆ.