ಒಸಳ್ಳಿ ಯಾವ ಕಡೆ?

ಹೋದ ತಿಂಗಳು ನಮ್ಮ ಮೇಲಿನ ಮನೆಗೆ ದಕ್ಷಿಣ ಆಫ್ರಿಕಾದ ಡರ್ಬನ್‌ನಿಂದ ಒಬ್ಬರು ಬಂದಿದ್ದರು. ಅರವತ್ತು ದಾಟಿದ ಹೆಂಗಸು, ರಿಟೈರ್ಡ್ ಟೀಚರ್. ಕನ್ನಡ ಬಾರದು, ತಮಿಳೂ ಅಷ್ಟಕ್ಕಷ್ಟೇ. ಮೂರನೇ ದಿನ ಒಂದು ಪ್ರಿಂಟ್‌ಔಟ್ ಹಿಡಿದು ಕೆಳಗಿಳಿದು ಬಂದರು. ಈ ಊರು ಯಾವ ಕಡೆ ಬರುತ್ತೆ ಅಂತ ಕೇಳಿದರು. ಬೆರಳಿಟ್ಟ ಜಾಗದಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದು: ಓ, ಎಸ್, ಯು, ಎಲ್, ಎಲ್, ವೈ.

ಅದು 1878ರಲ್ಲಿ ಮದ್ರಾಸಿನಿಂದ ಹೊರಟ ಹಡಗೊಂದರ ಪಟ್ಟಿ. 1860ರಿಂದ 1911ರವರೆಗೆ ನಮ್ಮ ದೇಶದ ಒಂದೂವರೆ ಲಕ್ಷ ಜನ ಹೀಗೆ ಕರಾರಿನ ಕೂಲಿಗಳಾಗಿ ಡರ್ಬನ್ ಇರುವ ನಟಾಲ್‌ಗೆ ಹೋದರು. ಹೆಚ್ಚಿನವರು ಕಬ್ಬಿನ ತೋಟಕ್ಕೆ. ಹಡಗಿಳಿದ ಒಬ್ಬೊಬ್ಬರಿಗೂ ಒಂದು ನಂಬರ್. ಆಮೇಲೆ ಮದುವೆಯಾದರೂ, ಸತ್ತರೂ ಕಾಗದದಲ್ಲಿ ಅದೇ ನಂಬರ್. ಅದು ಸಿಕ್ಕರೆ ಅರ್ಧ ಕೆಲಸ ಆದಂತೆ, ಯಾಕೆಂದರೆ ಪಟ್ಟಿ ತುಂಬ ಮುನಿಯಮ್ಮ, ಮುನಿಸ್ವಾಮಿಗಳೇ.

ಇವರ ಅಜ್ಜನ ತಾಯಿಯೂ ಮುನಿಯಮ್ಮನೇ. ವಯಸ್ಸು 22. ತಂದೆಯ ಹೆಸರಿದೆ, ಜಾತಿ ಇದೆ, ಜಿಲ್ಲೆ ಬೆಂಗಳೂರು ಅಂತಿದೆ. ಮೈಮೇಲಿನ ಗುರುತು ಅನ್ನೋ ಕಡೆ, ಬಲ ಮುಂಗೈ ಮೇಲೆ ಹಚ್ಚೆ. ನಮ್ಮಜ್ಜಿಗೂ ಅಲ್ಲೇ ಇತ್ತು, ಹಸಿರು ಚುಕ್ಕಿಗಳು. ಹಾಗಂತ ಹೇಳಿದೆ. ಅವರು ತಮ್ಮ ಖಾಲಿ ಮುಂಗೈಯನ್ನು ಒಮ್ಮೆ ಸವರಿಕೊಂಡರು.

ಯಾಕೆ ಹೋದಳು ಅನ್ನೋ ಕಾಲಂ ಪಟ್ಟಿಯಲ್ಲಿಲ್ಲ. ಇಸವಿ ನೋಡಿದರೆ ಊಹಿಸಬಹುದು. 1876ರಿಂದ 78ರವರೆಗೆ ಧಾತು, ಈಶ್ವರ ಸಂವತ್ಸರಗಳ ಬರ. ಮೈಸೂರು ಸೀಮೆಯಲ್ಲಿ ಐವರಿಗೆ ಒಬ್ಬರಂತೆ ಸತ್ತರು ಅನ್ನುತ್ತಾರೆ. ಬೆಂಗಳೂರಿನ ದಂಡು ಸ್ಟೇಷನ್ನಿಂದ ಜೋಲಾರಪೇಟೆ ಮೇಲೆ ಮದ್ರಾಸಿಗೆ 1864ರಿಂದಲೇ ರೈಲಿತ್ತು. ಆಕೆ ರೈಲು ಹತ್ತಿದಳೋ, ನಡೆದೇ ಹೋದಳೋ.

ಊರಿನ ವಿಷಯಕ್ಕೆ ಬರುತ್ತೇನೆ. ಇಲ್ಲಿಗೆ ಬರುವ ಮುಂಚೆ ಅವರು ಸುಮಾರು ಜನರನ್ನು ಕೇಳಿದ್ದರಂತೆ. ಎಲ್ಲರೂ ಹೇಳಿದ್ದು ಒಂದೇ, ಬ್ರಿಟಿಷರು ಸ್ಪೆಲ್ಲಿಂಗ್ ಕೆಡಿಸಿದ್ದಾರೆ, ಬಿಟ್ಟುಬಿಡಿ. ನನಗೆ ಈ ಮಾತು ಕೇಳಿದರೆ ರೇಗುತ್ತದೆ. ಅಮೆರಿಕದಲ್ಲೂ ಇದೇ ಕಥೆ. ವಲಸೆ ಬಂದವರು ಇಳಿಯುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ಐಲ್ಯಾಂಡ್‌ನಲ್ಲಿ ಗುಮಾಸ್ತರು ನಮ್ಮ ತಾತನ ಹೆಸರು ಬದಲಾಯಿಸಿದರು ಅಂತ ಮನೆಮನೆಯಲ್ಲೂ ಹೇಳುತ್ತಾರೆ. ಅಸಲಿಗೆ ಅಲ್ಲಿನ ಹಡಗಿನ ಪಟ್ಟಿ ತಯಾರಾಗುತ್ತಿದ್ದದ್ದು ಹಡಗು ಹತ್ತುವ ಬಂದರಿನಲ್ಲಿ. ನ್ಯೂಯಾರ್ಕಿನವರು ಅದನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದರು, ಅಷ್ಟೇ.

ಆಂಟಿ, ಇದನ್ನು ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ ಅಂದೆ. ಓದಿದರು. ಒಸಲ್ಲಿ. ಒಸಳ್ಳಿ. ನಮ್ಮಮ್ಮ ಅಡುಗೆಮನೆಯಿಂದಲೇ, "ಹೊಸಹಳ್ಳಿ ಕಣೋ ಅದು!" ಅಂದರು.

ನಮ್ಮಜ್ಜಿ ಸಾಯೋವರೆಗೂ ಹಾಲಿಗೆ ಆಲು, ಹಳ್ಳಿಗೆ ಅಳ್ಳಿ ಅನ್ನುತ್ತಿದ್ದಳು. ಬರೆದುಕೊಂಡವನು ತಮಿಳು ಗುಮಾಸ್ತನಾಗಿದ್ದರೆ ಅವನ ಕಿವಿಗೂ 'ಹ' ಬಿದ್ದಿರಲಿಕ್ಕಿಲ್ಲ, ಒಪ್ಪುತ್ತೇನೆ. ಆದರೂ ನನಗೆ ಅನ್ನಿಸುವುದು, ಮುನಿಯಮ್ಮನೇ ಹಾಗೆ ಅಂದಿರಬೇಕು. ಆಕೆಯ ಫೋಟೋ ಇಲ್ಲ, ಹೆಬ್ಬೆಟ್ಟೂ ಇಲ್ಲ. ಬಾಯಿಂದ ಬಂದ ಒಂದು ಪದ ಮಾತ್ರ, ಬಂದ ಹಾಗೇ, ಡರ್ಬನ್ನಿನಲ್ಲಿ ಉಳಿದುಕೊಂಡಿದೆ. ಅದನ್ನು ಹೋಗಿ ತಿದ್ದುತ್ತೀರಾ?

ಇನ್ನೊಂದು. ಈ ಕಥೆ ಹೇಳಿದಾಗ ನಮ್ಮ ಬೀದಿಯಲ್ಲಿ ಮೂರು ಜನ ಮೊದಲು ಕೇಳಿದ್ದು, ಅವರು ಯಾವ ಜನ? ಪಟ್ಟಿಯಲ್ಲಿ ಇತ್ತು. ನಾನು ಹೇಳಲಿಲ್ಲ.

ಊರು ಸಿಗಲಿಲ್ಲ. ನಮ್ಮ ಕಡೆ ಎತ್ತ ಹೋದರೂ ಒಂದು ಹೊಸಹಳ್ಳಿ ಇರುತ್ತೆ, ತಾಲ್ಲೂಕಿನ ಕಾಲಂನಲ್ಲಿ ಶಾಯಿ ಹರಡಿ ಏನೂ ಕಾಣುತ್ತಿರಲಿಲ್ಲ. ಹೊರಡುವ ಹಿಂದಿನ ದಿನ ವಿಜಯನಗರಕ್ಕೆ ಮೆಟ್ರೋದಲ್ಲಿ ಹೋಗುತ್ತಿದ್ದೆವು. ಅನೌನ್ಸ್‌ಮೆಂಟ್‌ನಲ್ಲಿ ಹೊಸಹಳ್ಳಿ ಅಂತ ಕೇಳಿದ್ದೇ ತಡ, ಆಂಟಿ ಎದ್ದು ನಿಂತುಬಿಟ್ಟರು. ಇದೇ ಅಂತ ಹೇಳೋಕಾಗಲ್ಲ ಆಂಟಿ ಅಂದೆ. ಗೊತ್ತು ಅಂದರು. ಬಾಗಿಲು ತೆಗೆಯಿತು. ಇಬ್ಬರೂ ಇಳಿದೆವು.